ಜಿ.ಎಚ್. ಕೃಂಬಿಗಲ್: ಲಾಲ್‌ಬಾಗ್‌ನ ಶಿಲ್ಪಿ ಮತ್ತು ಅವರ ಹೆಸರಿನ ಹಳೆಯ ಕಟ್ಟಡ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನಕ್ಕೆ ಸಸಿ, ಬೀಜ ಹಾಗೂ ತೋಟಗಾರಿಕೆಯ ಸಲಹೆಗಾಗಿ ಪ್ರತಿದಿನ ಅನೇಕ ನಾಗರಿಕರು ಬರುತ್ತಾರೆ. ಉದ್ಯಾನದ ಸಮೀಪದ ಕೃಂಬಿಗಲ್ ರಸ್ತೆಯ ಹೆಸರು ಇವರಲ್ಲಿ ಬಹುಪಾಲು ಜನರಿಗೆ ಪರಿಚಿತ. ಆದರೆ ಆ ಹೆಸರಿನ ವ್ಯಕ್ತಿ ಯಾರು, ಅವರ ನೆನಪಿಗೆ ಮೀಸಲಾಗಿದ್ದ ಕಟ್ಟಡ ಏನಾಯಿತು ಎಂಬುದು ಎಲ್ಲರಿಗೂ ತಿಳಿದಿಲ್ಲ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಸೇವೆ

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪ ಜನಿಸಿದರು. ತೋಟಗಾರಿಕೆಯಲ್ಲಿ ತರಬೇತಿ ಪಡೆದ ನಂತರ 1888ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಮಡಿಗಳ ವಿನ್ಯಾಸದ ಕೆಲಸ ಮಾಡಿದರು. ಬಳಿಕ ಪ್ರಖ್ಯಾತ ಕ್ಯೂ ಸಸ್ಯೋದ್ಯಾನದ ಸೇವೆಗೆ ಸೇರಿದರು. 1893ರಲ್ಲಿ ಬರೋಡಾ ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತು ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಮೂವತ್ತಕ್ಕೂ ಕಡಿಮೆ. ಮುಂದಿನ ಜೀವನವನ್ನು ಅವರು ಈ ದೇಶದಲ್ಲಿಯೇ ಕಳೆದರು.

ಮೈಸೂರು ಸಂಸ್ಥಾನದಲ್ಲಿ

ಹೈದರಾಲಿಯ ಕಾಲದಲ್ಲಿ 1760ರಲ್ಲಿ ಆರಂಭಗೊಂಡ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇಲ್ಲಿ ದೀರ್ಘಕಾಲ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ಅವರ ನಂತರ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1908ರಲ್ಲಿ ಕೃಂಬಿಗಲ್ ಅವರು ಆ ಹುದ್ದೆಗೆ ಬಂದರು. 1932ರಲ್ಲಿ ನಿವೃತ್ತರಾಗುವವರೆಗೆ ಅವರು ಮೈಸೂರು ಸಂಸ್ಥಾನದ ತೋಟಗಾರಿಕೆಗೆ ಹೊಸ ದಿಕ್ಕು ನೀಡಿದರು.

ವಿದೇಶಗಳ ಉದ್ಯಾನಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯ, ಹಣ್ಣು ಹಾಗೂ ಇತರ ಆರ್ಥಿಕ ಬೆಳೆಗಳ ಪ್ರಯೋಗ, ತೋಟಗಾರಿಕೆಯ ಶಿಕ್ಷಣ ಇವು ಅವರ ಮುಖ್ಯ ಕಾರ್ಯಗಳು. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಸ್ಥಾಪನೆಯಾಗುವುದರಲ್ಲಿಯೂ ಅವರ ಪಾತ್ರವಿತ್ತು. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳು ಇಂದಿಗೂ ಈ ಸಂಘದ ಸಹಯೋಗದಲ್ಲಿ ನಡೆಯುತ್ತವೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ಯೋಜನೆಯಲ್ಲಿ ಅವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ದುಡಿದರು.

ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಜಾತಿ ಅರಳುವಂತೆ ಆರಿಸಿ ನೆಡುವ ಪದ್ಧತಿಯೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ವರ್ಷದ ಮೊದಲ ತಿಂಗಳುಗಳಲ್ಲಿ ಟಬೂಬಿಯ, ಅದರ ಹಿಂದೆ ನೀಲಿ ಜಕರಂಡ, ಬೇಸಿಗೆಯಲ್ಲಿ ಕೆಂಪು ಗುಲ್‌ಮೊಹರ್ ನಗರದಲ್ಲಿ ಸರದಿಯಂತೆ ಕಾಣುವುದು ಈ ದೂರದೃಷ್ಟಿಯ ಫಲ.

ಕೃಂಬಿಗಲ್ ಅವರ ತರುವಾಯ ಎಚ್.ಸಿ. ಜವರಾಯ ಅವರು, ಅನಂತರದ ವರ್ಷಗಳಲ್ಲಿ ಡಾ. ಎಂ.ಎಚ್. ಮರಿಗೌಡ ಅವರು ಈ ಪರಂಪರೆಯನ್ನು ಮುಂದುವರಿಸಿದರು. ನಿವೃತ್ತಿಯ ನಂತರವೂ ಕೃಂಬಿಗಲ್ ಅವರು ಉದ್ಯಾನ ಮತ್ತು ನಗರ ಯೋಜನೆಗಳಿಗೆ ಸಲಹೆ ನೀಡುತ್ತಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಮೂಲದವರೆಂಬ ಕಾರಣಕ್ಕೆ ಬಂಧನವನ್ನೂ ಅನುಭವಿಸಬೇಕಾಯಿತು. ಆದರೂ ಅವರು ಬೆಂಗಳೂರನ್ನು ತೊರೆಯಲಿಲ್ಲ. 1956ರ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ ಇದೇ ನಗರದಲ್ಲಿ ನಿಧನರಾದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಕೃಂಬಿಗಲ್ ಸಭಾಂಗಣ

ಲಾಲ್‌ಬಾಗ್‌ನ ಒಳಗೆ ತೋಟಗಾರಿಕೆಯ ಉಪನ್ಯಾಸಗಳಿಗಾಗಿ 19ನೆಯ ಶತಮಾನದಲ್ಲಿ ಕಟ್ಟಿದ ಒಂದು ಸಭಾಂಗಣವಿತ್ತು. ಕೃಂಬಿಗಲ್ ಅವರ ಸೇವೆಯ ಸ್ಮರಣಾರ್ಥ ಅದಕ್ಕೆ ಅವರ ಹೆಸರನ್ನಿಡಲಾಯಿತು. ಉದ್ಯಾನದ ಅತ್ಯಂತ ಹಳೆಯ ಕಟ್ಟಡಗಳಲ್ಲಿ ಅದೂ ಒಂದಾಗಿತ್ತು. ಕಾಲಕ್ರಮೇಣ ಬಳಕೆ ತಪ್ಪಿ, ಬಾಗಿಲು ಮುಚ್ಚಿ, ಕಟ್ಟಡ ಶಿಥಿಲವಾಯಿತು. ದುರಸ್ತಿಯ ಮಾತುಗಳು ನಡೆದವು, ಆದರೆ ಮೂಲ ಕಟ್ಟಡ ಉಳಿಯಲಿಲ್ಲ. 2017ರ ನವೆಂಬರ್ ತಿಂಗಳಿನಲ್ಲಿ ಸಭಾಂಗಣ ನೆಲಸಮವಾಯಿತು. ಬಳಿಕ ಅದನ್ನು ಹಳೆಯ ಮಾದರಿಯಲ್ಲಿ ಪುನರ್ನಿರ್ಮಿಸುವ ಕಾರ್ಯವನ್ನು ಕೈಗೊಳ್ಳಲಾಯಿತು. ಹೊಸ ಗೋಡೆಗೆ ಹಳೆಯ ರೂಪವನ್ನು ಕೊಡಬಹುದು. ಮೂಲ ಕಟ್ಟಡವನ್ನು ಮರಳಿ ಪಡೆಯುವುದು ಯಾವ ಅನುದಾನದಿಂದಲೂ ಸಾಧ್ಯವಿಲ್ಲ.

ಇದರಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ಅಂಶವಿದೆ. ಕೃಂಬಿಗಲ್ ಅವರ ಕಾಲದ ಮರಗಳಿಗೆ ನೀರು, ಗೊಬ್ಬರ, ಸವರುವಿಕೆ ವರ್ಷವರ್ಷವೂ ದೊರೆತುದರಿಂದ ಅವು ಉಳಿದವು. ಅವರ ಹೆಸರಿನ ಕಟ್ಟಡಕ್ಕೆ ಅಂತಹ ನಿರಂತರ ಆರೈಕೆ ದೊರೆಯಲಿಲ್ಲ. ಗಾರೆಯ ಹಳೆಯ ಕಟ್ಟಡಗಳಿಗೆ ನೀರೇ ಮೊದಲ ಶತ್ರು. ಮಾಳಿಗೆಯ ಬಿರುಕನ್ನು ಮುಚ್ಚುವುದು, ಮಳೆನೀರಿನ ದಾರಿಯನ್ನು ತೆರವಾಗಿಡುವುದು, ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಹಿತ ತೆಗೆಯುವುದು ಅಲ್ಪ ವೆಚ್ಚದ ಕೆಲಸಗಳು. ಇವುಗಳನ್ನು ಪ್ರತಿವರ್ಷ ಮುಂದೂಡಿದರೆ, ಉಳಿತಾಯವೆಂದು ತೋರಿದ ಮೊತ್ತ ಕೊನೆಗೆ ಅನೇಕ ಪಟ್ಟು ನಷ್ಟವಾಗಿ ಹಿಂದಿರುಗುತ್ತದೆ.

ಹಳೆಯ ಮನೆಗಳನ್ನು ಹೊಂದಿರುವ ನಾಗರಿಕರಿಗೂ ಈ ಮಾತು ಅನ್ವಯಿಸುತ್ತದೆ. ಸಾರ್ವಜನಿಕರು ಲಾಲ್‌ಬಾಗ್‌ಗೆ ಭೇಟಿ ನೀಡಿದಾಗ ಹಳೆಯ ಕಟ್ಟಡಗಳ ಮೇಲೆ ಬರೆಯುವುದು, ಗಾರೆ ಕೆರೆಯುವುದು, ಮರಗಳಿಗೆ ಹಾನಿ ಮಾಡುವುದು ಇವುಗಳಿಂದ ದೂರವಿದ್ದು, ಶಿಥಿಲತೆ ಕಂಡುಬಂದಲ್ಲಿ ಉದ್ಯಾನದ ಕಚೇರಿಯ ಗಮನಕ್ಕೆ ತರಬೇಕೆಂದು ಕೋರಲಾಗಿದೆ.