ನಿರಂಜನ

ಕನ್ನಡ ಕಾದಂಬರಿ ಪ್ರಪಂಚದಲ್ಲಿ ನಿರಂಜನ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದವರು ಕುಳಕುಂದ ಶಿವರಾಯರು. ಅವರು ದಕ್ಷಿಣ ಕನ್ನಡ ಜಿಲ್ಲೆಯ ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ 1924ರ ಜೂನ್ 15ರಂದು ಜನಿಸಿದರು.

ವಿದ್ಯಾಭ್ಯಾಸಕ್ಕಾಗಿ ನೀಲೇಶ್ವರದಲ್ಲಿದ್ದಾಗ ನೆರೆಯ ಕಯ್ಯೂರಿನ ರೈತರ ಹೋರಾಟವು ಅವರ ಎಳೆಯ ಮನಸ್ಸಿನಲ್ಲಿ ಅಚ್ಚೊತ್ತಿತು. ಆ ಹೋರಾಟದ ನಾಲ್ವರು ತರುಣರನ್ನು ಬ್ರಿಟಿಷ್ ಸರಕಾರವು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿತು. ಮುಂದೆ ಅವರ ಕಥೆಯೇ 'ಚಿರಸ್ಮರಣೆ' ಕಾದಂಬರಿಯಾಯಿತು. ಮಂಗಳೂರಿನ 'ರಾಷ್ಟ್ರಬಂಧು' ಪತ್ರಿಕೆಯಲ್ಲಿ ದುಡಿದ ನಿರಂಜನರು ಬರವಣಿಗೆಯನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡರು.

ತಮ್ಮ ಹುಟ್ಟುನಾಡಿನ ಮತ್ತೊಂದು ಹಳೆಯ ಗಾಯವೂ ಅವರನ್ನು ಕಾಡುತ್ತಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ನಾಣ್ಯದಲ್ಲಿಯೇ ತೆರಬೇಕಾಯಿತು. ಹಣಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗದೆ ಅವರಿಗೆ ಗತ್ಯಂತರವಿರಲಿಲ್ಲ. ಕಡಲಾಚೆಯ ಆಡಳಿತಪದ್ಧತಿಯು ಹೀಗೆ ಒಕ್ಕಲುಮನೆಯ ಒಲೆಯವರೆಗೂ ಬಂದಿತು. 1837ರಲ್ಲಿ ಜನರು ದಂಗೆಯೆದ್ದರು. ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ವಶಪಡಿಸಿಕೊಂಡು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಹಾರಿಸಿದರು. ಎರಡು ವಾರಗಳೊಳಗಾಗಿ ಕಂಪೆನಿಯ ಸೈನ್ಯವು ಆ ಸಂಭ್ರಮವನ್ನು ಅಡಗಿಸಿತು. ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದಾಳಾಗಿದ್ದ ಪುಟ್ಟಬಸಪ್ಪ ನೇಣುಗಂಬವನ್ನೇರಿದನು.

ಗೆದ್ದವರ ಕಾಗದಪತ್ರಗಳಲ್ಲಿ ಅವನು ಕೇವಲ ರಾಜದ್ರೋಹಿ, ಸುಳ್ಳು ವೇಷಧಾರಿ. ನಿರಂಜನರಾದರೋ 'ಕಲ್ಯಾಣಸ್ವಾಮಿ' ಕಾದಂಬರಿಯಲ್ಲಿ ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಅರಸಿದರು. ಅರಸುಮನೆತನದವನಲ್ಲದ ಒಬ್ಬ ಸಾಮಾನ್ಯನು ಜನರ ಆಸೆಯನ್ನು ಹೊರುವುದಕ್ಕಾಗಿ ಇನ್ನೊಬ್ಬನ ಹೆಸರನ್ನು ಹೊತ್ತು, ಕೊನೆಗೆ ಅದಕ್ಕಾಗಿ ತನ್ನ ಪ್ರಾಣವನ್ನೇ ತೆತ್ತ ಬಾಳು ಅದು. ಕೊಡಗಿನ ಬಂಡಾಯವನ್ನೇ ಕುರಿತು ಅವರು 'ಸ್ವಾಮಿ ಅಪರಂಪಾರ' ಎಂಬ ಕಾದಂಬರಿಯನ್ನೂ ರಚಿಸಿದರು.

1971ರಲ್ಲಿ ಪಾರ್ಶ್ವವಾಯು ಅವರ ದೇಹದ ಒಂದು ಭಾಗವನ್ನು ನಿಶ್ಚೇಷ್ಟಗೊಳಿಸಿತು. ವೈದ್ಯೆಯೂ ಲೇಖಕಿಯೂ ಆಗಿದ್ದ ಪತ್ನಿ ಅನುಪಮಾ ಅವರಿಗೆ ಆಸರೆಯಾದರು. ದೇಹ ಸೋತರೂ ಸಂಕಲ್ಪ ಸೋಲಲಿಲ್ಲ. ಪ್ರಾಚೀನ ಈಜಿಪ್ಟಿನ ಜನಸಾಮಾನ್ಯರ ಬಂಡಾಯವನ್ನು ಚಿತ್ರಿಸುವ 'ಮೃತ್ಯುಂಜಯ' ಹೊರಬಂದದ್ದು ಆ ಬಳಿಕವೇ. ಅವರ ಸಂಪಾದಕತ್ವದಲ್ಲಿ ಸಿದ್ಧವಾದ 'ವಿಶ್ವಕಥಾಕೋಶ'ದ 25 ಸಂಪುಟಗಳು ಲೋಕದ ಕಥೆಗಳನ್ನು ಕನ್ನಡಿಗರ ಮನೆಬಾಗಿಲಿಗೆ ತಂದವು.

1992ರ ಮಾರ್ಚ್ ತಿಂಗಳಲ್ಲಿ ನಿರಂಜನರು ನಿಧನರಾದರು. ರಾಜ್ಯಗಳ ಏಳುಬೀಳುಗಳನ್ನು ಇತಿಹಾಸಕಾರರು ಬರೆದಾರು; ಆ ಏಳುಬೀಳುಗಳ ನಡುವೆ ನಲುಗಿದ ಜೀವಗಳಿಗೆ ನಿರಂಜನರು ಹೆಸರು ಕೊಟ್ಟರು, ಮುಖ ಕೊಟ್ಟರು.