ದೂರದರ್ಶನದ ಸಾಧಕ ಜಾನ್ ಲೋಗಿ ಬೇರ್ಡ್

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಹೆಲೆನ್ಸ್‌ಬರೊ ಎಂಬ ಪುಟ್ಟ ಪಟ್ಟಣವಿದೆ. 1888ನೆಯ ಆಗಸ್ಟ್ 13ರಂದು ಅಲ್ಲಿಯ ಪಾದ್ರಿಯೊಬ್ಬನ ಮನೆಯಲ್ಲಿ ಜಾನ್ ಲೋಗಿ ಬೇರ್ಡನು ಜನಿಸಿದನು. ನಾಲ್ವರು ಮಕ್ಕಳಲ್ಲಿ ಕಿರಿಯವನಾದ ಅವನು ಎಳವೆಯಿಂದಲೂ ದುರ್ಬಲ ದೇಹದವನು. ಆದರೆ ಅವನ ಬುದ್ಧಿಯು ಬಹು ಚುರುಕಾಗಿತ್ತು. ಬಾಲ್ಯದಲ್ಲಿಯೇ ತನ್ನ ಮನೆಯಿಂದ ಗೆಳೆಯರ ಮನೆಗಳಿಗೆ ತಂತಿಯೆಳೆದು ದೂರವಾಣಿಯ ಕೇಂದ್ರವೊಂದನ್ನು ನಡೆಸಿದನು.

ಗ್ಲಾಸ್ಗೋ ನಗರದಲ್ಲಿ ತಾಂತ್ರಿಕ ಶಿಕ್ಷಣವನ್ನು ಪಡೆದ ಬೇರ್ಡನಿಗೆ ಮೊದಲನೆಯ ಮಹಾಯುದ್ಧದಲ್ಲಿ ಅನಾರೋಗ್ಯದ ಕಾರಣದಿಂದ ಸೇನೆಯ ಬಾಗಿಲು ಮುಚ್ಚಿತು. ಅವನು ವಿದ್ಯುತ್ ಕಂಪನಿಯಲ್ಲಿ ದುಡಿದನು, ಕಾಲುಚೀಲಗಳನ್ನು ಮಾರಿದನು, ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಹಣ್ಣಿನ ಮುರಬ್ಬ ತಯಾರಿಸಿದನು. ಮುರಬ್ಬದ ಉದ್ಯಮಕ್ಕೆ ಅಲ್ಲಿಯ ಕೀಟಗಳೇ ಶತ್ರುಗಳಾದವು. ವ್ಯಾಪಾರವು ಅವನ ಪಾಲಿಗೆ ಒಲಿಯಲಿಲ್ಲವೆಂದೇ ಹೇಳಬೇಕು.

ಆರೋಗ್ಯವು ಕೆಟ್ಟು 1923ರಲ್ಲಿ ಬೇರ್ಡನು ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಊರಿಗೆ ಬಂದನು. ಚಿತ್ರಗಳನ್ನು ದೂರಕ್ಕೆ ಕಳುಹಿಸುವ ಹಂಬಲವು ಅಲ್ಲಿ ಅವನನ್ನು ಪೂರ್ಣವಾಗಿ ಆವರಿಸಿತು. ಜರ್ಮನಿಯ ಪಾಲ್ ನಿಪ್ಕೋ ಎಂಬವನು 1884ರಲ್ಲಿಯೇ ಇದಕ್ಕೊಂದು ಉಪಾಯವನ್ನು ಸೂಚಿಸಿದ್ದನು. ಸುರುಳಿಯಾಕಾರದಲ್ಲಿ ರಂಧ್ರಗಳನ್ನು ಕೊರೆದ ತಟ್ಟೆಯೊಂದು ತಿರುಗುವಾಗ ಪ್ರತಿಯೊಂದು ರಂಧ್ರವೂ ದೃಶ್ಯದ ಒಂದೊಂದು ಗೆರೆಯನ್ನು ಆಯ್ದುಕೊಳ್ಳುತ್ತದೆ. ಆ ಗೆರೆಯ ಬೆಳಕು ನೆರಳುಗಳನ್ನು ದ್ಯುತಿಕೋಶವು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಇನ್ನೊಂದು ತುದಿಯಲ್ಲಿ ಅದೇ ವೇಗದಿಂದ ತಿರುಗುವ ಮತ್ತೊಂದು ತಟ್ಟೆಯು ಗೆರೆಗಳನ್ನು ಜೋಡಿಸಿ ಚಿತ್ರವನ್ನು ಮೂಡಿಸುತ್ತದೆ. ಈ ಉಪಾಯವನ್ನು ಕಾರ್ಯಗತಗೊಳಿಸಲು ಬೇರ್ಡನ ಬಳಿ ಹಣವಿರಲಿಲ್ಲ. ಚಹದ ಹಳೆಯ ಪೆಟ್ಟಿಗೆ, ಟೋಪಿಯ ಡಬ್ಬಿ, ದಬ್ಬಳಗಳು, ಬೈಸಿಕಲ್ ದೀಪದ ಮಸೂರಗಳು, ಅರಗು, ದಾರ ಇವೇ ಅವನ ಸಾಮಗ್ರಿಗಳು. 1924ರಲ್ಲಿ ಪ್ರಯೋಗದ ನಡುವೆ ಭಾರಿ ವಿದ್ಯುದಾಘಾತವಾಗಿ ಅವನು ಪ್ರಾಣಾಪಾಯದಿಂದ ಪಾರಾದನು. ಗಾಬರಿಗೊಂಡ ಜಾಗದ ಒಡೆಯನು ಜಾಗವನ್ನು ತೆರವು ಮಾಡಿಸಿದನು.

ಬೇರ್ಡನು ಲಂಡನ್ನಿನ ಫ್ರಿತ್ ಬೀದಿಯ ಮನೆಯೊಂದರ ಅಟ್ಟವನ್ನು ಸೇರಿದನು. 1925ರ ಅಕ್ಟೋಬರ್ 2ರಂದು ಗೊಂಬೆಯ ತಲೆಯೊಂದರ ಚಿತ್ರವು ಬೆಳಕು ನೆರಳುಗಳ ಸಮೇತ ಗ್ರಾಹಕ ಯಂತ್ರದಲ್ಲಿ ಸ್ಪಷ್ಟವಾಗಿ ಮೂಡಿತು. ಅವನು ಹರ್ಷದಿಂದ ಕೆಳಗಿನ ಕಚೇರಿಗೆ ಧಾವಿಸಿ, ವಿಲಿಯಂ ಟೇಂಟನ್ ಎಂಬ ತರುಣ ನೌಕರನನ್ನು ಕರೆತಂದು ಯಂತ್ರದ ಮುಂದೆ ಕುಳ್ಳಿರಿಸಿದನು. 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು ಆ ಅಟ್ಟವನ್ನೇರಿ ಬಂದು ಚಲಿಸುವ ಮುಖಗಳನ್ನು ಕಣ್ಣಾರೆ ಕಂಡರು. ಮರುವರ್ಷ ಚಿತ್ರಗಳು ದೂರವಾಣಿ ತಂತಿಯ ಮೂಲಕ ಲಂಡನ್ನಿನಿಂದ ಗ್ಲಾಸ್ಗೋವನ್ನು ತಲುಪಿದವು. 1928ರಲ್ಲಿ ಅವು ಅಟ್ಲಾಂಟಿಕ್ ಸಾಗರವನ್ನೂ ದಾಟಿದವು. ಅದೇ ವರ್ಷ ಬೇರ್ಡನು ಬಣ್ಣದ ಚಿತ್ರಗಳನ್ನೂ ತೋರಿಸಿದನು.

1929ರಲ್ಲಿ ಬಿ.ಬಿ.ಸಿ. ಸಂಸ್ಥೆಯ ಮೂಲಕ ಬೇರ್ಡನ ಪ್ರಾಯೋಗಿಕ ಪ್ರಸಾರವು ಮೊದಲಾಯಿತು. ಚಿತ್ರಕ್ಕೆ ಇದ್ದ ಗೆರೆಗಳು ಕೇವಲ 30. ಮುಖವನ್ನು ಗುರುತಿಸಲು ಅಷ್ಟು ಸಾಲುತ್ತಿತ್ತು, ನಾಟಕದ ರಂಗವನ್ನೋ ಆಟದ ಮೈದಾನವನ್ನೋ ತೋರಿಸಲು ಸಾಲದು. ಕಳುಹಿಸುವವನೂ ನೋಡುವವನೂ ಗೆರೆಗಳ ಸಂಖ್ಯೆಯನ್ನು, ಸೆಕೆಂಡಿಗೆ ಇಷ್ಟು ಚಿತ್ರಗಳೆಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಈ ಒಪ್ಪಂದವೇ ಪ್ರಸಾರದ ಮಾನಕ. ಮಾನಕವು ಬದಲಾದರೆ ಜನರು ಕೊಂಡ ಯಂತ್ರಗಳು ವ್ಯರ್ಥವಾಗುತ್ತವೆ. 1935ರಲ್ಲಿ 30 ಗೆರೆಗಳ ಪ್ರಸಾರವು ನಿಂತಾಗ ಆದದ್ದು ಅದೇ.

ಅದೇ ವರ್ಷ ಸರ್ಕಾರದ ಸಮಿತಿಯೊಂದು ಕನಿಷ್ಠ 240 ಗೆರೆಗಳಾದರೂ ಇರಬೇಕೆಂದು ಸೂಚಿಸಿತು. ಬೇರ್ಡನ ಕಂಪನಿಯು 240 ಗೆರೆಗಳಿಗೇ ತೃಪ್ತಿಪಟ್ಟಿತು. ಪ್ರತಿಸ್ಪರ್ಧಿಯಾದ ಮಾರ್ಕೋನಿ-ಇ.ಎಂ.ಐ. ಕಂಪನಿಯ ಐಸಾಕ್ ಶೋನ್‌ಬರ್ಗನು ಸಾಹಸದಿಂದ 405 ಗೆರೆಗಳನ್ನು ಆರಿಸಿಕೊಂಡನು. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಎರಡು ಪದ್ಧತಿಗಳೂ ಸರದಿಯಂತೆ ಪ್ರಸಾರವನ್ನು ಆರಂಭಿಸಿದವು. ಸ್ಪರ್ಧೆಯು ಸಮಬಲದ್ದಾಗಿರಲಿಲ್ಲ. ಬೇರ್ಡ್ ಪದ್ಧತಿಯಲ್ಲಿ ದೃಶ್ಯವನ್ನು ಮೊದಲು ಫಿಲ್ಮಿನ ಮೇಲೆ ಹಿಡಿದು, ಸುಮಾರು ಒಂದು ನಿಮಿಷದಲ್ಲಿ ರಾಸಾಯನಿಕ ದ್ರಾವಣಗಳಲ್ಲಿ ತೊಳೆದು, ಅನಂತರ ಕಳುಹಿಸಬೇಕಾಗಿತ್ತು. ಕ್ಯಾಮರಾವನ್ನು ಕದಲಿಸುವಂತಿರಲಿಲ್ಲ. ಎದುರಾಳಿಯ ಎಲೆಕ್ಟ್ರಾನಿಕ್ ಕ್ಯಾಮರಾವಾದರೋ ಬಯಲಿಗೂ ಹೊರಡುತ್ತಿತ್ತು. ನವೆಂಬರ್ 30ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾಗಿ ಅಲ್ಲಿದ್ದ ಬೇರ್ಡ್ ಕಂಪನಿಯ ಪ್ರಯೋಗಶಾಲೆಗಳು ಬೂದಿಯಾದವು. 1937ರ ಫೆಬ್ರವರಿಯಲ್ಲಿ 405 ಗೆರೆಗಳೇ ಬ್ರಿಟನ್ನಿನ ಏಕಮಾತ್ರ ಮಾನಕವಾದವು.

ದೂರದರ್ಶನವನ್ನು ಮೊದಲು ಮಾಡಿ ತೋರಿಸಿದವನಿಗೆ ಅದರ ಪ್ರಸಾರದಲ್ಲಿಯೇ ಸ್ಥಾನವಿಲ್ಲವಾಯಿತು. ಸೋಲಿನ ಕಾರಣವನ್ನು ಬೇರ್ಡನು ಅರಿತನು. ತಿರುಗುವ ತಟ್ಟೆಗಳನ್ನು ಕ್ರಮೇಣ ಬದಿಗಿಟ್ಟು ಅವನು ಎಲೆಕ್ಟ್ರಾನುಗಳತ್ತ ತಿರುಗಿದನು. 1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಗಿ ಪ್ರಸಾರವು ನಿಂತಿತು, ಕಂಪನಿಯ ವ್ಯವಹಾರವೂ ಕುಸಿಯಿತು. ಲಂಡನ್ನಿನ ಸಿಡನ್‌ಹ್ಯಾಂ ಬಡಾವಣೆಯ ತನ್ನ ಮನೆಯಲ್ಲಿ, ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿಯೂ, ಅವನು ಸ್ವಂತ ಹಣದಿಂದ ಸಂಶೋಧನೆಯನ್ನು ಮುಂದುವರಿಸಿದನು. 600 ಗೆರೆಗಳ ಬಣ್ಣದ ಚಿತ್ರಗಳು ಅಲ್ಲಿ ಮೂಡಿದವು. 1944ರ ಆಗಸ್ಟ್ 16ರಂದು ಟೆಲಿಕ್ರೋಮ್ ಎಂಬ ನಳಿಕೆಯನ್ನು ಪತ್ರಿಕಾ ಪ್ರತಿನಿಧಿಗಳ ಮುಂದಿಟ್ಟನು. ಅದರೊಳಗಿನ ತೆಳುವಾದ ಅಭ್ರಕದ ಹಾಳೆಯ ಒಂದು ಪಕ್ಕದಲ್ಲಿ ಕಿತ್ತಳೆ-ಕೆಂಪನ್ನೂ ಇನ್ನೊಂದು ಪಕ್ಕದಲ್ಲಿ ನೀಲಿ-ಹಸಿರನ್ನೂ ಎರಡು ಎಲೆಕ್ಟ್ರಾನ್ ಕಿರಣಗಳು ಬೆಳಗುತ್ತಿದ್ದವು. ಚಲಿಸುವ ಭಾಗವು ಅದರಲ್ಲಿ ಒಂದೂ ಇರಲಿಲ್ಲ.

ಯುದ್ಧಾನಂತರದ ಪ್ರಸಾರವು ಹೇಗಿರಬೇಕೆಂದು ವಿಚಾರಿಸಲು 1943ರಲ್ಲಿ ನೇಮಕವಾದ ಹ್ಯಾಂಕಿ ಸಮಿತಿಯ ಮುಂದೆ ಬೇರ್ಡನು ಸಾಕ್ಷ್ಯ ನುಡಿದನು. ಮುಂದಿನ ಮಾನಕವು ಸುಮಾರು 1000 ಗೆರೆಗಳದಾಗಿ ಬಣ್ಣದಿಂದ ಕೂಡಿರಬೇಕೆಂಬುದು ಅವನ ವಾದವಾಗಿತ್ತು. ಸಮಿತಿಯೂ ಅಂಥ ಗುರಿಯನ್ನು ಒಪ್ಪಿತು. ಆದರೆ ಪ್ರಸಾರವನ್ನು ಬೇಗನೆ ಪುನರಾರಂಭಿಸಲು ಹಳೆಯ 405 ಗೆರೆಗಳನ್ನೇ ಸದ್ಯಕ್ಕೆ ಉಳಿಸಿಕೊಳ್ಳುವಂತೆ ಸಲಹೆಯಿತ್ತಿತು.

1946ರ ಜೂನ್ 7ರಂದು ಪ್ರಸಾರವು ಮತ್ತೆ ಮೊದಲಾಯಿತು. ಒಂದು ವಾರದ ಬಳಿಕ, ಜೂನ್ 14ರಂದು, ಬೆಕ್ಸ್‌ಹಿಲ್‌ನಲ್ಲಿ ಬೇರ್ಡನು ಕೊನೆಯುಸಿರೆಳೆದನು. ಅವನಿಗಾಗ 57 ವರ್ಷ ವಯಸ್ಸು. ಬ್ರಿಟನ್ನಿನಲ್ಲಿ ಬಣ್ಣದ ಪ್ರಸಾರವು 1967ರಲ್ಲಿ 625 ಗೆರೆಗಳೊಂದಿಗೆ ಆರಂಭವಾಯಿತು. ಸದ್ಯಕ್ಕೆಂದು ಉಳಿಸಿಕೊಂಡ 405 ಗೆರೆಗಳು 1985ರ ಜನವರಿಯವರೆಗೂ ಬಳಕೆಯಲ್ಲಿದ್ದವು.