ಹಳೆಯ ಗೋಡೆಗಳ ಚಿತ್ರಕಾರ

ಕಳೆದ ವರ್ಷ ನಮ್ಮ ಕಾಲೇಜಿನ ನಾಟಕಕ್ಕೆ ಹಾಳುಕೋಟೆಯ ಪರದೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಗೀಟೆಳೆದು ಕಲ್ಲುಗಳನ್ನು ವಿಂಗಡಿಸಿ, ಎಲ್ಲಕ್ಕೂ ಒಂದೇ ಬೂದುಬಣ್ಣ ಬಳಿದೆ. ನಾಟಕದ ರಾತ್ರಿ ಆ ಕೋಟೆ ನಿನ್ನೆ ತಾನೇ ಕಟ್ಟಿದ ಮನೆಯಂತೆ ಕಂಡಿತು; ಗೆಳೆಯರು ನಕ್ಕರು. ಆ ನಾಚಿಕೆಯೇ ನನ್ನನ್ನು ಡೇವಿಡ್ ರಾಬರ್ಟ್ಸನ ಜೀವನಚರಿತ್ರೆಯ ಕಡೆಗೆ ತಿರುಗಿಸಿತು.

ರಾಬರ್ಟ್ಸನು 1796ರ ಅಕ್ಟೋಬರ್ 24ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬಳಿ ಹುಟ್ಟಿದನು. ತಂದೆ ಜೋಡು ಹೊಲಿದು ಸಂಸಾರ ಸಾಗಿಸುತ್ತಿದ್ದ ಬಡವ. ಹುಡುಗನನ್ನು ಚಿತ್ರಶಾಲೆಗೆ ಕಳುಹಿಸುವ ಅನುಕೂಲವೆಲ್ಲಿಯದು? ಮನೆಗಳಿಗೆ ಬಣ್ಣ ಹಾಕುವ ಮೇಸ್ತ್ರಿಯೊಬ್ಬನ ಕೈಕೆಳಗೆ ಅವನು ಏಳು ವರ್ಷ ದುಡಿದನು. ಸಾಮಾನ್ಯ ಮರವನ್ನು ಬೆಲೆಬಾಳುವ ಮರದಂತೆಯೂ, ಬರಿಯ ಗಾರೆಯನ್ನು ಅಮೃತಶಿಲೆಯಂತೆಯೂ ತೋರಿಸುವ ವಿದ್ಯೆ ಆ ಕಸುಬಿನಲ್ಲಿತ್ತು. ಮುಂದೆ ಸರ್ಕಸ್ ಕಂಪನಿಯೊಂದಕ್ಕೆ ಪರದೆ ಬರೆದು, ಗ್ಲಾಸ್ಗೋ ಮತ್ತು ಎಡಿನ್‌ಬರೋ ರಂಗಮಂದಿರಗಳನ್ನು ದಾಟಿ, 1822ರಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯನ್ನು ಸೇರಿದನು. ಅಲ್ಲಿ ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡನೂ ಅವನ ಜೊತೆಗಾರನಾಗಿದ್ದನು.

ಆ ಕಾಲದ ಪರದೆಯ ಬಣ್ಣವೆಂದರೆ ತೊಗಲನ್ನು ಕಾಸಿ ತೆಗೆದ ಅಂಟಿನಲ್ಲಿ ಕಲಸಿದ ಪುಡಿಬಣ್ಣ. ಹಸಿಯಾಗಿದ್ದಾಗ ಗಾಢವಾಗಿ ಕಾಣುವ ಈ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಒಣಗಿದಾಗಿನ ರೂಪವನ್ನು ಮೊದಲೇ ಊಹಿಸಿ ಬರೆಯಬೇಕು. ಹಳೆಯ ಗೋಡೆಗೆ ಒಂದೇ ಬಣ್ಣ ಸಾಲದು. ಎರಡು ಮೂರು ಬಣ್ಣಗಳನ್ನು ಹಸಿಯಲ್ಲೇ ಒಂದರೊಳಗೊಂದು ಬೆರೆಸಿ ತಳ ಹಾಕಬೇಕು. ಅದರ ಮೇಲೆ ಸ್ಪಂಜಿನಿಂದ ಒತ್ತಿದರೆ ಕಲ್ಲಿನ ಒರಟುತನ ಬರುತ್ತದೆ. ಕುಂಚವನ್ನು ಕೊಡವಿ ಹನಿ ಸಿಡಿಸಿದರೆ ಸವೆದ ಗುಳಿಗಳು ಮೂಡುತ್ತವೆ. ಒಣಕುಂಚವನ್ನು ಹಗುರವಾಗಿ ಎಳೆದರೆ ಉಬ್ಬುಗಳ ಮೇಲೆ ಬೆಳಕು ನಿಲ್ಲುತ್ತದೆ. ಬಿರುಕಿಗೆ ಒಂದು ಕಪ್ಪುಗೆರೆ ಮಾತ್ರ ಸಾಕಾಗದು; ಬೆಳಕು ತಾಕುವ ಅಂಚಿಗೆ ತಿಳಿಗೆರೆಯೂ ಬೇಕು. ಇದೆಲ್ಲವೂ ದೂರದಿಂದ, ದೀಪದ ಬೆಳಕಿನಲ್ಲಿ ನೋಡುವವರಿಗಾಗಿ. ಹತ್ತಿರ ನಿಂತು ನೋಡಿದರೆ ಬರಿಯ ಕಲೆಗಳು.

1829ರಲ್ಲಿ ರಾಬರ್ಟ್ಸನು ಇಸ್ರೇಲರು ಈಜಿಪ್ಟನ್ನು ಬಿಟ್ಟು ಹೊರಟ ಚಿತ್ರವನ್ನು ಬರೆದನು. ಅದರ ಮಹಾಮಂದಿರಗಳೆಲ್ಲ ಕಲ್ಪನೆಯವು; ಆಗ ಅವನು ಈಜಿಪ್ಟನ್ನು ಕಂಡೇ ಇರಲಿಲ್ಲ. ಒಂಬತ್ತು ವರ್ಷಗಳ ಮೇಲೆ, 1838ರಲ್ಲಿ, ಆ ನಾಡಿಗೆ ಹೋಗಿ ನೈಲ್ ನದಿಯ ಮೇಲೆ ಅಬು ಸಿಂಬೆಲ್‌ವರೆಗೆ ಸಾಗಿದನು. 1839ರಲ್ಲಿ ಮರುಭೂಮಿಯನ್ನು ದಾಟಿ ಪೆಟ್ರಾ, ಜೆರೂಸಲೇಮ್‌ಗಳನ್ನು ಕಂಡನು. ಗಾಳಿ ಮರಳು ಸವೆಸಿದ ಕಂಬಗಳು, ಅರ್ಧ ಹೂತುಹೋದ ವಿಗ್ರಹಗಳು ಈಗ ಕಣ್ಣೆದುರಿಗೇ ಇದ್ದವು. ಆ ಚಿತ್ರಗಳನ್ನು ಲೂಯಿ ಹಾಗ್ ಎಂಬಾತನು ಕಲ್ಲಚ್ಚಿಗೆ ಇಳಿಸಿ, ಅವು 1842ರಿಂದ 1849ರವರೆಗೆ ಸಂಪುಟಗಳಾಗಿ ಹೊರಬಂದವು. 1841ರಲ್ಲಿ ರಾಯಲ್ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು. 1864ರ ನವೆಂಬರ್ 25ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಇಂದು ಲೋಕ ನೆನೆಯುವುದು ಅವನ ಈಜಿಪ್ಟಿನ ಚಿತ್ರಗಳನ್ನು. ಪರದೆಗಳ ಗತಿ ಬೇರೆ. ನಾಟಕ ಮುಗಿದರೆ ಹಳೆಯ ಬಣ್ಣವನ್ನು ತೊಳೆದು ಅದೇ ಬಟ್ಟೆಯ ಮೇಲೆ ಬೇರೆ ದೃಶ್ಯ ಬರೆಯುವುದು ಅಂದಿನ ವಾಡಿಕೆ. ಹೀಗೆ ಅಳಿಸಿಹೋಗುವ ಕೆಲಸವನ್ನು ಕೀಳೆಂದು ಎಣಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ನನಗೆ ತೋರುವುದಿಷ್ಟು: ಸುಳ್ಳು ಗೋಡೆಗೆ ವಯಸ್ಸು ಬರಿಸಲು ವರ್ಷಗಟ್ಟಲೆ ಹೆಣಗಿದವನಿಗೇ ನಿಜವಾದ ಗೋಡೆಯ ವಯಸ್ಸನ್ನು ಓದುವ ಕಣ್ಣು ಬಂದಿತು. ಪರದೆಗಳು ಅಳಿದರೂ ಅವು ಕಲಿಸಿದ ಪಾಠ ಅಳಿಯಲಿಲ್ಲ.

ಈಗ ನಮ್ಮ ಹಾಸ್ಟೆಲಿನ ಹಿಂಗೋಡೆಯ ಮುಂದೆ ನಾನು ನಿತ್ಯವೂ ಐದು ನಿಮಿಷ ನಿಲ್ಲುತ್ತೇನೆ. ಸೂರಿನ ದೋಣಿಯ ಕೆಳಗೆ ಮಳೆನೀರು ಇಳಿದು ಪಾಚಿಯ ಪಟ್ಟೆ ಎಳೆದಿದೆ. ಸುಣ್ಣ ಉದುರಿದ ಕಡೆ ಕೆಂಪಿಟ್ಟಿಗೆ ಇಣುಕುತ್ತಿದೆ. ಮೂರು ವರ್ಷ ಅದರ ಪಕ್ಕದಲ್ಲೇ ಓಡಾಡಿದರೂ ನಾನು ಕಂಡಿರಲಿಲ್ಲ. ಈ ವರ್ಷದ ನಾಟಕಕ್ಕೂ ಪರದೆಯ ಕೆಲಸವನ್ನು ನನಗೇ ಕೊಡಬೇಕೆಂದು ಅಧ್ಯಾಪಕರಲ್ಲಿ ಕೇಳಿಕೊಂಡಿದ್ದೇನೆ.